ಸತ್ತ ಮೊಲಕ್ಕೆ ಪಟ್ಟಿ ಕಟ್ಟಿದ ರಾಚವ್ವ

ತಿಕೋಟಾದ ರಾಚವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಪ್ರಾಣಿಶಾಸ್ತ್ರದಲ್ಲಿ ನಿನ್ನ ಗುರು ಯಾರು ಎಂದು ಯಾರಾದರೂ ಕೇಳಿದರೆ ನಾನು ಅವಳ ಹೆಸರನ್ನೇ ಹೇಳುತ್ತೇನೆ. ಪುಣೆಯಲ್ಲಿ ನಾಲ್ಕು ವರ್ಷ ನನಗೆ ಪಾಠ ಹೇಳಿದವರು ಇದನ್ನು ಕೇಳಿದರೆ ಸಿಟ್ಟಾದಾರು. ಆಗಲಿ.

೧೯೪೬ರಲ್ಲಿ ವಿಜಾಪುರದ ಒಂದು ಹೊಸ ಕಾಲೇಜಿನವರು ಪ್ರಾಣಿಶಾಸ್ತ್ರದ ತರಗತಿ ತೆರೆಯಲು ನನ್ನನ್ನು ಕರೆದಿದ್ದರು. ವಿಶ್ವವಿದ್ಯಾಲಯದ ಸಮಿತಿ ಬಂದು ನೋಡಿ ಒಪ್ಪಿದರೆ ತರಗತಿ, ಇಲ್ಲವಾದರೆ ಇಲ್ಲ. ಹೆಸರು ಕೊಟ್ಟಿದ್ದ ಹದಿನೇಳು ಹುಡುಗರು ಸೊಲ್ಲಾಪುರದ ದಾರಿ ಹಿಡಿಯಬೇಕು. ಗುರಲಿಂಗಪ್ಪ ಎಂಬ ನಾನು ಜೋರಾಪುರ ಪೇಟೆಯಲ್ಲಿದ್ದ ಅಪ್ಪನ ಅರಳೆ ಅಂಗಡಿಯಲ್ಲಿ ತಕ್ಕಡಿ ಹಿಡಿಯಬೇಕು. ಅಪ್ಪ ಆಗಲೇ ನನಗೊಂದು ಗಾದಿ ಹಾಸಿಟ್ಟಿದ್ದರು.

ಸಮಿತಿ ಸೋಮವಾರ ಬರುವುದಿತ್ತು. ಗುರುವಾರ ಮುಂಬೈಯಿಂದ ಆರು ಅಸ್ಥಿಪಂಜರಗಳ ಪೆಟ್ಟಿಗೆ ಸ್ಟೇಶನ್ನಿಗೆ ಬಂತು. ಮೀನು, ಕಪ್ಪೆ, ಉಡ, ಪಾರಿವಾಳ, ಮೊಲ. ಬೆನ್ನೆಲುಬಿರುವ ಪ್ರಾಣಿಗಳ ಐದು ವರ್ಗಕ್ಕೆ ಒಂದೊಂದು, ಮೇಲೊಂದು ಬಾವಲಿ. ಟಾಂಗಾದ ಮಶಾಕಸಾಬ, "ಹಗ್ಗ ಬಿಗೀತೀನಿ ತಡೀರಿ ಮಾಸ್ತರ" ಅಂದ. ಕಲಿತವನಿಗೆ ಬುದ್ಧಿ ಹೇಳುತ್ತಾನಲ್ಲ ಎಂದು ನನಗೆ ಮೂಗಿನ ತುದಿಗೇ ಸಿಟ್ಟು. "ನಾ ಹಿಡಕೊಂಡಿರ್ತೀನಿ, ನೀ ಗಾಡಿ ಹೊಡಿ" ಅಂದೆ. ಈಗಿನ ಗಾಂಧಿ ಚೌಕದ ತಿರುವಿನಲ್ಲಿ ಪೆಟ್ಟಿಗೆ ನನ್ನ ಕೈಬಿಟ್ಟು ನೆಲಕ್ಕೆ ಬಿತ್ತು. ತಂತಿ ಕಳಚಿ ಆರೂ ಪ್ರಾಣಿಗಳು ರಸ್ತೆಯ ತುಂಬ ಹರಡಿದವು. ಮೆಣಸಿನಕಾಯಿ ಮಾರುತ್ತಿದ್ದ ಮುದುಕಿಯೊಬ್ಬಳು ಇದು ಮಾಟವೇ ಸರಿ ಎಂದು ಬುಟ್ಟಿ ಹೊತ್ತು ಓಡಿದಳು. ಮಶಾಕಸಾಬ ಮಾತ್ರ ಕೆಳಗಿಳಿದು ಎಲುಬು ಆರಿಸಿ ನನ್ನ ಧೋತರಕ್ಕೆ ಹಾಕಿದ.

ಎರಡು ದಿನ ನಾನು ಪುಸ್ತಕದ ಚಿತ್ರ ಮುಂದಿಟ್ಟುಕೊಂಡು ಒದ್ದಾಡಿದೆ. ಶನಿವಾರದ ಹೊತ್ತಿಗೆ ನನ್ನ ಪಾರಿವಾಳ ಯಾವ ಲೋಕದಲ್ಲೂ ಇಲ್ಲದ ಪ್ರಾಣಿಯಾಗಿತ್ತು. ಕಾಲೇಜಿನ ಜವಾನ ಅಮರಪ್ಪ ಅದನ್ನು ನೋಡಿ ನಗು ತಡೆದುಕೊಂಡು, "ನಮ್ಮೂರ ರಾಚವ್ವನ್ನ ಕರಕೊಂಡ ಬರ್ತೀನ್ರಿ. ಕುರಿ ಕಾಲು ಮುರೀಲಿ, ಮಂದಿ ಕೈ ಮುರೀಲಿ, ಆಕಿನ ಕೂಡಸ್ತಾಳ" ಅಂದ. ನೀರಿಗೆ ಬಿದ್ದವನಿಗೆ ಹುಲ್ಲುಕಡ್ಡಿಯೂ ಆಸರೆ. ಹೂಂ ಅಂದೆ.

ಭಾನುವಾರ ಬೆಳಿಗ್ಗೆ ಅವಳು ಬಂದಳು. ಅರವತ್ತು ದಾಟಿದ ಕುರಿಗಾರ ಹೆಂಗಸು, ಹೆಗಲ ಮೇಲೆ ಕಂಬಳಿ, ದವಡೆಯಲ್ಲಿ ತಂಬಾಕು. ಕಣ್ಣು ಮಂಜಾಗಿತ್ತು. ನಾನು ಪುಸ್ತಕ ಮುಂದೆ ಸರಿಸಿದರೆ ಅದನ್ನು ಪಕ್ಕಕ್ಕಿಟ್ಟು ಎಲುಬಿನ ರಾಶಿಗೆ ಕೈ ಹಾಕಿದಳು.

"ಮೊದಲ ಬೆನ್ನ ಪೋಣಸ್ರಿ. ಮೀನ ಇರ್ಲಿ, ಮೊಲ ಇರ್ಲಿ, ಬೆನ್ನ ಇಲ್ಲಂದ್ರ ಉಳದದ್ದು ಎಲ್ಲಿ ನಿಂತೀತು?"

ನಾನು ತಂತಿಗೆ ಬೆನ್ನೆಲುಬಿನ ಮಣಿಗಳನ್ನು ಪೋಣಿಸಿದೆ, ಅವಳು ಕೈಕಾಲು ಬೇರ್ಪಡಿಸಿದಳು. ಎಲುಬನ್ನು ಬೆರಳಲ್ಲಿ ಹೊರಳಿಸುತ್ತ ಬಾಯಲ್ಲಿ ಒಂದೇ ಲೆಕ್ಕ: "ಒಂದು, ಎರಡು, ಹಿಡಿ ಹಳ್ಳು, ಬಟ್ಟು." ತೋಳಿಗೆ ಒಂದು ಎಲುಬು, ಮುಂಗೈಗೆ ಎರಡು, ಮಣಿಕಟ್ಟಿಗೆ ಹಿಡಿ ಹರಳು, ಆಮೇಲೆ ಬೆರಳು. ಕಪ್ಪೆಗೆ ಬಂದಾಗ ನಾನು ಜಾಣತನ ತೋರಿಸಿದೆ. "ಕಪ್ಪಿ ಮುಂಗೈಯಾಗ ಒಂದ ಐತಿ ನೋಡು!" ಅವಳು ಉಗುರಿನಿಂದ ಎಲುಬನ್ನು ಕೆರೆದಳು. "ಎರಡ ಅದಾವ್ರಿ. ಕೂಡಿ ಬೆಳದಾವು. ಗೆರಿ ಉಳದೈತಿ, ಮುಟ್ಟಿ ನೋಡ್ರಿ." ಮುಟ್ಟಿದೆ. ಗೆರೆ ಇತ್ತು. ಪುಣೆಯಲ್ಲಿ ನಾನು ಅದನ್ನು ಬರೀ ಓದಿ ಪಾಸಾಗಿದ್ದೆ.

ನನ್ನ ಪಾರಿವಾಳದ ರೆಕ್ಕೆಯಿಂದ ಎರಡು ಸಪೂರ ಎಲುಬುಗಳನ್ನು ಕಿತ್ತು ಬಾವಲಿಗೆ ಕೊಟ್ಟಳು. ಬಾವಲಿಯನ್ನು ಮೊಲದ ಪಕ್ಕದಲ್ಲಿ ಕೂರಿಸಿದಳು. ನಾನು ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಆರೂ ನಿಂತಿದ್ದವು. ಸಂತೋಷಕ್ಕೆ ನನ್ನ ಕಣ್ಣು ಒದ್ದೆಯಾಯಿತು. ಒರೆಸಿಕೊಂಡು ನೋಡಿದರೆ ಮೊಲದ ಮುಂಗಾಲಿಗೆ ಬಿದಿರ ದಬ್ಬೆ! ಮೇಲೆ ತತ್ತಿಯ ಲೋಳೆ, ಉದ್ದಿನ ಹಿಟ್ಟು ಮೆತ್ತಿದ ಅರಿವೆಯ ಪಟ್ಟಿ, ಕಲ್ಲಿನಷ್ಟು ಗಟ್ಟಿ.

"ಇದೇನ ಮಾಡಿದಿ ಬೇ?"

"ಜೀವ ಇದ್ದಾಗ ಮುರದು ಸೊಟ್ಟ ಕೂಡಿತ್ರಿ. ಪಾಪ, ಯಾರೂ ನೋಡಿಲ್ಲ. ಮತ್ತ ಮುರದು ನೆಟ್ಟಗ ಮಾಡೀನಿ."

"ಅದು ಸತ್ತೈತಿ!"

"ಹೌದ್ರಿ. ಆದ್ರ ನನ್ನ ಕೈಯಾಗ ಬಂದೈತಲ್ಲ."

ಪಟ್ಟಿ ಬಿಚ್ಚಲು ಹೋದರೆ ಎಲುಬು ಪುಡಿಯಾಗುವಂತಿತ್ತು. ಸೋಮವಾರ ಮೊಲವನ್ನು ಬಾವಲಿಯ ಸಮೇತ ಮೇಜಿನ ಮೂಲೆಗೆ ಸರಿಸಿ, ಪಟ್ಟಿ ಗೋಡೆಯ ಕಡೆಗೆ ಬರುವಂತೆ ತಿರುಗಿಸಿಟ್ಟೆ. ರಾತ್ರಿ ಅಲ್ಲೇ ಉಳಿದಿದ್ದ ರಾಚವ್ವನನ್ನು ಹಿಂದಿನ ಪಡಸಾಲೆಯಲ್ಲಿ ಕೂರಿಸಿದೆ. ಓದು ಬಾರದ ಹೆಂಗಸು ಇವನ್ನು ಕೂಡಿಸಿದಳು ಎಂದರೆ ಸಮಿತಿ ನಕ್ಕು ಹೋದೀತು ಎಂಬ ಹೆದರಿಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸಮಿತಿಯ ಹಿರಿಯರು ಧಾರವಾಡದ ಕಡೆಯವರು, ನಗುವನ್ನು ಮನೆಯಲ್ಲೇ ಇಟ್ಟು ಬಂದ ಮನುಷ್ಯ. ಒಂದೊಂದನ್ನೂ ಎತ್ತಿ ನೋಡಿ, "ಚಲೋ ಕೂಡ್ಸೀರಿ" ಅಂದರು. ನಾನು ತಲೆಯಾಡಿಸಿದೆ. ಸುಳ್ಳು ಹೇಳಲಿಲ್ಲ, ಆಡಿಸಿದೆ ಅಷ್ಟೆ. ಆಮೇಲೆ ಅವರು ಮೊಲವನ್ನು ತಿರುಗಿಸಿದರು.

"ಇದಕ್ಕ ಪಟ್ಟಿ ಯಾರು ಕಟ್ಯಾರ?"

ಅಪ್ಪನ ಗಾದಿ ಕಣ್ಣ ಮುಂದೆ ಬಂತು. ಜವಾನನ ಮೇಲೆ ಹಾಕೋಣ ಅನ್ನಿಸಿತು. ಆದರೆ ಗೋಡೆಯ ಆಚೆ ಅವಳು ಕೆಮ್ಮಿದ್ದು ಕೇಳಿಸಿತು, ನನ್ನ ಬಾಯಿಂದ ನಿಜವೇ ಹೊರಬಿತ್ತು. "ತಿಕೋಟಾದ ರಾಚವ್ವ ಕಟ್ಯಾಳ್ರಿ. ಆರೂ ಕೂಡ್ಸಿದಾಕಿ ಆಕಿನ. ನಾ ಬರೇ ತಂತಿ ಹಿಡದೀನಿ."

ಅವಳನ್ನು ಕರೆಸಿದರು. ಹಿರಿಯರು ಬಾವಲಿಯನ್ನು ತೋರಿಸಿ, "ಹಾರೂದನ್ನ ಹಕ್ಕಿ ಬಾಜೂಕ ಬಿಟ್ಟು ಮೊಲದ ಬಾಜೂಕ ಯಾಕ ಇಟ್ಟಿ?" ಎಂದು ಕೇಳಿದರು.

"ಹಾರಿದ್ರ ಹಕ್ಕಿ ಆಗತೈತೇನ್ರಿ? ಹಕ್ಕೀದು ಬಟ್ಟೆಲ್ಲ ಸವದು ಕೂಡ್ಯಾವು. ಇದರ ಐದೂ ಬಟ್ಟು ಉಳದಾವು, ಛತ್ರಿ ಕಡ್ಡಿಗತೆ ಉದ್ದ ಆಗ್ಯಾವು. ಬಾಯಾಗ ಹಲ್ಲ ಅದಾವು. ಮರೀಗೆ ಮಲಿ ಕುಡಿಸ್ತೈತಿ, ನಮ್ಮ ಹಾಳ ಗೋಡ್ಯಾಗ ನಾನ ನೋಡೀನಿ." ಅಷ್ಟು ಹೇಳಿ, ಅಪ್ಪಣೆ ಕೇಳದೆ ಅವರ ತೋಳು ಹಿಡಿದು ಒತ್ತುತ್ತ ಬಂದಳು. "ಒಂದು, ಎರಡು, ಹಿಡಿ ಹಳ್ಳು, ಐದು. ನಿಮ್ದೂ ಹಂಗ ಐತ್ರೆಪಾ. ಎಲ್ಲಾ ಒಂದ ಬಳಗ."

ಹಿರಿಯರು ಕೈ ಎಳೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, "ನಾ ಮೂರು ತಿಂಗಳು ಹೇಳೂ ಪಾಠ ಇದು" ಅಂದರು. ಕಾಗದ ತೆಗೆದು ಅಲ್ಲೇ ಒಪ್ಪಿಗೆ ಬರೆದರು. ಆಗ ನಕ್ಕರು ಕೂಡ.

ಜೂನ್‌ನಲ್ಲಿ ತರಗತಿ ಆರಂಭವಾಯಿತು. ಮೊದಲ ಪಾಠಕ್ಕೆ ನಾನು ರಾಚವ್ವನನ್ನೇ ಕರೆಸಿದೆ. ಹದಿನೇಳು ಹುಡುಗರು ಆಗಿನ ರೂಢಿಯಂತೆ ಕುಳಿತಿದ್ದರು. ಪೇಟೆಯ ಸಾವಕಾರರ ಮಕ್ಕಳು ಮುಂದೆ, ಹಳ್ಳಿಯವರು ಹಿಂದೆ, ಗೋಡೆಯ ಪಕ್ಕ ಹುಸೇನಸಾಬ ಎಂಬವರ ಮಗ, ಬಾಗಿಲ ಬಳಿ ಬಬಲೇಶ್ವರದ ಊರಾಚೆಯ ಕೇರಿಯಿಂದ ಬಂದ ಒಬ್ಬ ಹುಡುಗ, ಅವನ ಬೆಂಚಿನಲ್ಲಿ ಬೇರೆ ಯಾರೂ ಇಲ್ಲ. ಎಲ್ಲ ಶಾಲೆಗಳಲ್ಲೂ ಅದನ್ನೇ ನೋಡುತ್ತ ಬಂದಿದ್ದ ನನಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ.

ರಾಚವ್ವ ಹೇಳಿದಳು: "ಎದ್ದು ನಿಂದರ್ರಿ. ಕಣ್ಣ ಮುಚ್ಚಿ, ಸಿಕ್ಕವನ ಕೈ ಹಿಡದು ಎಣಸ್ರಿ."

ಹುಡುಗರು ನಗುತ್ತ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ, ಸಿಕ್ಕ ತೋಳನ್ನು ಹಿಡಿದು ಎಣಿಸಿದರು. ಒಂದು, ಎರಡು, ಹಿಡಿ ಹಳ್ಳು, ಐದು. ಕೋಣೆಯ ತುಂಬ ಅದೇ ಗದ್ದಲ.

"ಯಾರ ಕೈಯಾಗರೆ ಒಂದ ಎಲುಬ ಹೆಚ್ಚಿಗಿ ಸಿಕ್ಕಿತೇನ್ರಲೇ?"

"ಇಲ್ಲಬೇ."

"ಕಡಿಮಿ?"

"ಇಲ್ಲ."

"ಹಂಗಾರ ಇಷ್ಟ ದೂರ ದೂರ ಯಾಕ ಕುಂತಿದ್ರಿ?"

ಮೊದಲು ನಾನೇ ಹೋಗಿ ಬಾಗಿಲ ಬಳಿಯ ಬೆಂಚಿನ ಒಂದು ತುದಿ ಹಿಡಿದೆ. ಇನ್ನೊಂದು ತುದಿಗೆ ಸಾವಕಾರರ ಹುಡುಗನೊಬ್ಬ ಬಂದ. ಇಬ್ಬರೂ ಕೂಡಿ ಅದನ್ನು ಮುಂದಕ್ಕೆ ಎಳೆದೆವು.