ಸೈಕಲ್ ಮೇಲೆ ಬಂದ ಫ್ಯಾನ್

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಬಂದ ಮೊದಲ ಯುಗಾದಿ ಈ ಸಲದ್ದು. ವರ್ಷ ತುಂಬಿರಲಿಲ್ಲವಾದ್ದರಿಂದ ಹರಿಹರದ ನಮ್ಮ ಮನೆಯಲ್ಲಿ ತೋರಣ ಕಟ್ಟಿರಲಿಲ್ಲ, ಹೋಳಿಗೆಯನ್ನೂ ಮಾಡಿರಲಿಲ್ಲ. ಕಾಲೇಜಿನ ಹಾಸ್ಟೆಲಿನಿಂದ ದೊಡ್ಡ ಮೊಮ್ಮಗಳು ಕಾವ್ಯ ಬಂದು ನನ್ನ ಜೊತೆ ಇದ್ದಳು. ಆ ಮಧ್ಯಾಹ್ನ ನನಗಾದದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಾಲ್ಕು ಜನರ ಎದುರು ಬಾಯಿ ಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬಾರದು. ತವರೂರು ಕೊಂಡಜ್ಜಿಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಮಾತ್ರ ಕೈಬಿಟ್ಟಿಲ್ಲ. ಆದ್ದರಿಂದ ಮೊಮ್ಮಕ್ಕಳಿಗೆಂದು ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ದಾವಣಗೆರೆಯ ಮಂಡಿಪೇಟೆಯ ಒಂದು ಸಣ್ಣ ಅಂಗಡಿಯಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದರು. ಅವರಿಗಿದ್ದದ್ದು ಒಂದೇ ಹುಚ್ಚು, ಸಿನಿಮಾ. ಹೊಡೆದಾಟದವು ಅವರಿಗೆ ಸೇರುತ್ತಿರಲಿಲ್ಲ. ಸಣ್ಣ ಊರಿನ ಅಂಗಡಿಯವರು, ಮೇಷ್ಟ್ರು, ಬಸ್ಸಿಗೆ ಕಾಯುವವರು ಇಂಥವರ ಕಥೆ ಬಂದರೆ ಒಬ್ಬರೇ ಹೋಗಿ ನೋಡಿ ಬರುತ್ತಿದ್ದರು. ಬಂದು, ಊಟಕ್ಕೆ ಕೂತು ನನಗೆ ಕಥೆ ಹೇಳುತ್ತಿದ್ದರು. ನಗುವ ಜಾಗ ಬರುವ ಮೊದಲೇ ತಾವು ನಕ್ಕು ಅನ್ನ ನೆತ್ತಿಗೇರಿಸಿಕೊಳ್ಳುತ್ತಿದ್ದರು.

"ಅದ್ರಾಗ ನಗೋಂಥದ್ದು ಏನೈತ್ರಿ? ನಮ್ಮ ಓಣಿಯಾಗೂ ಅದೇ ನಡಿತೈತಿ" ಎನ್ನುತ್ತಿದ್ದೆ.

"ಅದಕ್ಕೇ ನಗು ಬರ್ತೈತಿ, ಹುಚ್ಚಿ. ಅದ್ರಾಗ ಯಾರೂ ನಗಿಸಾಕ ಬಂದಿರಂಗಿಲ್ಲ. ಪಾಪ, ತಮ್ ಪಾಡಿಗೆ ತಾವು ಬದುಕ್ತಿರ್ತಾರ."

ಒಂದು ಸಲವಾದರೂ ಜೊತೆಗೆ ಬಾ ಎಂದು ಕರೆಯುತ್ತಲೇ ಇದ್ದರು. ನಮ್ಮ ಕಡೆ ಗಂಡ ಹೆಂಡತಿ ಬಸ್ಸಿನಲ್ಲೂ ಬೇರೆ ಬೇರೆ ಕೂಡುವುದು ರೂಢಿ. ನಾನು ಮುಂದೆ ಲೇಡೀಸ್ ಸೀಟಿನಲ್ಲಿ, ಅವರು ಹಿಂದೆ. ಮದುವೆಯಾದ ಹೊಸದರಲ್ಲಿ ನೋಡಿದ ಒಂದೇ ಸಿನಿಮಾಕ್ಕೂ ನಾನು ಹೆಂಗಸರ ಕಡೆ ಕೂತಿದ್ದೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದರೂ ಪರದೆಯ ಮುಂದೆ ನಾವು ಒಟ್ಟಿಗೆ ಕೂತದ್ದಿಲ್ಲ.

ಶ್ರಾವಣ ಮುಗಿದ ಮೇಲೆ ಒಂದು ಭಾನುವಾರ ಅವರು ಹಟ ಹಿಡಿದರು. ಒಪ್ಪಿ ದಾವಣಗೆರೆಗೆ ಹೋದೆ. ಅವರು ಎರಡು ಟಿಕೆಟ್ ತಂದರು. ಥಿಯೇಟರಿನ ಬಾಗಿಲ ಹತ್ತಿರ ಹೋದಾಗ ಕಾಲೇಜು ಹುಡುಗ ಹುಡುಗಿಯರ ಗುಂಪು ಕಂಡಿತು. ಅವರ ಹಿಂದೆ ನಮ್ಮ ಓಣಿಯ ಶಾರದಮ್ಮ ಮಗಳ ಜೊತೆ ನಿಂತಿದ್ದಳು. ನನ್ನನ್ನು ನೋಡಿ, "ಏನ್ರೀ ಅಕ್ಕಾರ, ಈಗ ಶುರು ಆತೇನು ಹನಿಮೂನು?" ಎಂದು ನಕ್ಕಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನನಗೆ ಮಾತ್ರ ಕಾಲೇ ಏಳಲಿಲ್ಲ.

"ನಾ ಬರಂಗಿಲ್ರಿ. ನಾಚಿಕಿ ಆಗ್ತೈತಿ" ಎಂದೆ.

"ಒಳಗ ಕತ್ತಲ ಇರ್ತೈತಿ. ಯಾರ್ಗೂ ಕಾಣಂಗಿಲ್ಲ."

"ಕತ್ತಲಾಗ ಕೂತ್ರ ಇನ್ನೂ ಕೆಟ್ಟ."

ಅವರು ಜೋರು ಮಾಡಲಿಲ್ಲ. ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಹರಿಹರದ ಬಸ್ಸು ಹತ್ತಿಸಿದರು. "ಬಾಗ್ಲ ಹತ್ರ ಕೂಡಬ್ಯಾಡ, ಗಾಳಿ ಬಡಿತೈತಿ" ಎಂದರು. ಬಸ್ಸು ಹೊರಟಾಗಲೂ ಎರಡೂ ಟಿಕೆಟ್ ಅವರ ಕೈಯಲ್ಲೇ ಇದ್ದವು.

ಸಂಜೆ ಬಂದು, ಊಟಕ್ಕೆ ಕೂತು ಎಂದಿನಂತೆ ಕಥೆ ಹೇಳಿದರು. ಒಂದು ಊರು, ಬೇಸಿಗೆ. ಒಬ್ಬ ಮುದುಕ ಹೆಂಡತಿಗೆಂದು ಫ್ಯಾನ್ ಕೊಂಡು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ಹೊರಡುತ್ತಾನೆ. ದಾರಿಯಲ್ಲಿ ಸಿಕ್ಕವರೆಲ್ಲ ನಿಲ್ಲಿಸುತ್ತಾರೆ. ಕ್ಷೌರದಂಗಡಿಯವನು ಡಬ್ಬಿ ಬಿಚ್ಚಿಸಿ, "ಮೂರೇ ರೆಕ್ಕಿನಾ? ನಾಕಿದ್ರ ಗಾಳಿ ಜಾಸ್ತಿ" ಎನ್ನುತ್ತಾನೆ. ನಿವೃತ್ತ ಮೇಷ್ಟ್ರು ಗ್ಯಾರಂಟಿ ಕಾಗದವನ್ನು ರಸ್ತೆಯಲ್ಲೇ ಗಟ್ಟಿಯಾಗಿ ಓದಿಸುತ್ತಾರೆ. ಚಹಾದಂಗಡಿಯವನು ಕುಡಿಸದೆ ಬಿಡುವುದಿಲ್ಲ. ಸಂಜೆಯಾದರೂ ಮುದುಕ ಮನೆ ಮುಟ್ಟುವುದಿಲ್ಲ.

"ಕೊನಿಗೆ ಮುಟ್ಟಿದ್ನೋ ಇಲ್ಲೋ?" ಎಂದು ಕೇಳಿದೆ.

ಅವರು ಕಲಸಿದ ಅನ್ನವನ್ನೇ ಮತ್ತೆ ಕಲಸಿದರು. "ಮುಟ್ಟಿದ. ಫ್ಯಾನ್ ಹಾಕಿ ಸ್ವಿಚ್ ಒತ್ತಿದ್ರ ಕರೆಂಟೇ ಇಲ್ಲ! ಹೆಂಡ್ತಿ ಅದರ ಕೆಳಗ ಕೂತು, ಆಹಾ ತಂಪಾತು ಅಂತ ನಗ್ತಾಳ" ಎಂದರು. ಎಂದವರು ಮಜ್ಜಿಗೆಯನ್ನೂ ಹಾಕಿಸಿಕೊಳ್ಳದೆ ಎದ್ದರು. ಕಣ್ಣಲ್ಲಿ ನೀರಿತ್ತು. "ಸಾರು ಖಾರ ಆಗೈತಿ" ಎನ್ನುತ್ತಾ ಹಿತ್ತಲಿಗೆ ಹೋದರು. ಬಹಳ ಹೊತ್ತು ಕೈ ತೊಳೆಯುವ ನೀರಿನ ಸದ್ದು ಕೇಳುತ್ತಿತ್ತು.

ನಾನು ನಂಬಿದೆ. ಮರುದಿನದಿಂದ ಸಾರಿಗೆ ಖಾರ ಕಡಿಮೆ ಮಾಡಿದೆ. ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತರು, ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ಯುಗಾದಿಯ ಮಧ್ಯಾಹ್ನ ಕಾವ್ಯ ತನ್ನ ಮೊಬೈಲನ್ನು ಚೊಂಬಿಗೆ ಆನಿಸಿ ಇಟ್ಟಳು. "ಅಜ್ಜಿ, ಒಂದು ಸಿನಿಮಾ ನೋಡೋಣ. ಗದ್ಲ ಇರಲ್ಲ, ಮೆಲ್ಲಕ ಹೋಗ್ತದೆ. ವರ್ಷದೊಳಗ ನೋಡಬಾರ್ದು ಅನ್ನಬ್ಯಾಡ, ನಾ ಯಾರಿಗೂ ಹೇಳಲ್ಲ" ಎಂದಳು. ಅವಳ ಮನಸ್ಸು ಮುರಿಯಬಾರದೆಂದು ಕೂತೆ.

ಸೈಕಲ್ಲಿಗೆ ಕಟ್ಟಿದ ಫ್ಯಾನ್ ಕಂಡೊಡನೆ ನನಗೆ ಗೊತ್ತಾಯಿತು. ಕ್ಷೌರದಂಗಡಿ ಇನ್ನೂ ಬಂದಿರಲಿಲ್ಲ, ನನಗೆ ಆಗಲೇ ನಗು ಬಂದುಬಿಟ್ಟಿತು.

"ಅಜ್ಜಿ, ಯಾಕ ನಗ್ತಿ? ಇನ್ನೂ ಏನೂ ಆಗಿಲ್ಲ!"

"ಈಗ ರೆಕ್ಕಿ ಎಣಿಸ್ತಾನ, ನೋಡು."

ಅವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಕ್ಷೌರದವನೂ ಮೇಷ್ಟ್ರೂ ಅವರು ಹೇಳಿದ ಹಾಗೆಯೇ ಇದ್ದರು. ಮುದುಕ ಮನೆಗೆ ಬಂದ. ಬೀಗ ತೆಗೆದ. ಒಳಗೆ ಯಾರೂ ಇರಲಿಲ್ಲ. ಫ್ಯಾನ್ ಹಾಕಿ ಸ್ವಿಚ್ ಒತ್ತಿದ. ಕರೆಂಟ್ ಇತ್ತು. ಗೋಡೆಯ ಮೇಲೆ ಹೆಂಡತಿಯ ಫೋಟೋ. ಅದಕ್ಕೆ ಹಾಕಿದ್ದ ಹಾರ ಗಾಳಿಗೆ ಅಲುಗಾಡಿ, ಫೋಟೋ ಗೋಡೆಗೆ ಟಕ್ ಟಕ್ ಬಡಿಯತೊಡಗಿತು. ಹಿಂದಿನ ಬೇಸಿಗೆಯಲ್ಲಿ ಸೆಕೆ, ಸೆಕೆ ಎನ್ನುತ್ತಲೇ ಅವಳು ಹೋಗಿದ್ದಳು. ಊರಿಗೆಲ್ಲ ಅದು ಗೊತ್ತಿತ್ತು. ಖಾಲಿ ಮನೆಗೆ ಬೇಗ ಹೋಗದಿರಲೆಂದೇ ಅವನನ್ನು ಅಷ್ಟು ಹೊತ್ತು ತಡೆದು ಮಾತಾಡಿಸಿದ್ದರು. ಮುದುಕ ಎದ್ದು ಫ್ಯಾನಿನ ವೇಗ ಕಡಿಮೆ ಮಾಡಿದ. ಸಿನಿಮಾ ಮುಗಿಯಿತು.

ನಮ್ಮ ತಲೆಯ ಮೇಲೂ ಫ್ಯಾನ್ ತಿರುಗುತ್ತಿತ್ತು, ಗೋಡೆಯ ಮೇಲೆ ನಿಮ್ಮ ಅಜ್ಜನ ಫೋಟೋ ಇತ್ತು. ಕಾವ್ಯ ಫ್ಯಾನ್ ಆರಿಸಲು ಎದ್ದಳು. "ಬ್ಯಾಡ, ಇರ್ಲಿ ಬಿಡವ್ವ" ಎಂದೆ.

ಪಕ್ಕದ ಕುರ್ಚಿ ಖಾಲಿ ಇಟ್ಟುಕೊಂಡು ಅವರು ಇದನ್ನು ಒಬ್ಬರೇ ನೋಡಿದ್ದರು. ಮನೆಗೆ ಬಂದು, ಸತ್ತ ಹೆಂಡತಿಯನ್ನು ನನಗಾಗಿ ಬದುಕಿಸಿ ನಗಿಸಿದ್ದರು. ಸಾರು ಖಾರವಾಗಿರಲೇ ಇಲ್ಲ. ಅಡುಗೆಯಲ್ಲಿ ಖಾರ ಮುಂದಿರಬೇಕು ಎನ್ನುವ ಮನುಷ್ಯ, ಒಂದು ಸುಳ್ಳಿಗಾಗಿ ನಾಲ್ಕು ತಿಂಗಳು ಸಪ್ಪೆ ಸಾರು ಉಂಡರು. ನಾನು, "ಈಗ ಸರಿ ಐತೇನ್ರಿ?" ಎಂದು ದಿನಾ ಕೇಳುತ್ತಿದ್ದೆ. ಅವರು, "ಬರೋಬ್ಬರಿ ಐತಿ" ಎನ್ನುತ್ತಿದ್ದರು. ಈ ಗುಟ್ಟು ನನಗೆ ತಿಳಿದದ್ದನ್ನು ನೋಡಲು ಅವರು ಇದ್ದಿದ್ದರೆ ಎಷ್ಟು ನಗುತ್ತಿದ್ದರೋ.

ಆ ದಿನ ಶಾರದಮ್ಮನ ಒಂದು ಮಾತಿಗೆ ಹೆದರಿದೆ. ಅವಳಿಗೆ ಈಗ ಅದು ನೆನಪೂ ಇಲ್ಲ. ಒಳಗೆ ಹೋಗಿ ಕೂತಿದ್ದರೆ ಕತ್ತಲಲ್ಲಿ ನಾವಿಬ್ಬರೂ ಅತ್ತು, ಮುಖ ಒರೆಸಿಕೊಂಡು ಬಸ್ಸಿನಲ್ಲಿ ಬೇರೆ ಬೇರೆ ಕೂತು ಬರುತ್ತಿದ್ದೆವು. ಅಷ್ಟೇ ಆಗುತ್ತಿತ್ತು.

ವರ್ಷ ತುಂಬಿದ ಮೇಲೆ ಥಿಯೇಟರಿಗೆ ಹೋಗೋಣ ಎಂದು ಕಾವ್ಯ ಕರೆದಿದ್ದಾಳೆ. ಹೂಂ ಎಂದಿದ್ದೇನೆ. ಆ ಬಾಗಿಲ ಹತ್ತಿರ ಕಾಲು ಮತ್ತೆ ನಿಂತರೆ ಅವಳು ಕೈ ಹಿಡಿದು ಎಳೆಯಲಿ.