ಮೊದಲ ಬೆಂಚಿನ ಗುಲಾಬಿಯಮ್ಮ

ಅಮೆರಿಕದ ಹೇವರ್ಡ್‌ ಊರಿನ ಗುಲಾಬಿಯಮ್ಮನಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಬಾಡಿಗೆದಾರರ ಕೇಸುಗಳ ದಿನ ಬಂತೆಂದರೆ ಎರಡು ಬಸ್ಸು ಬದಲಿಸಿ ಕೋರ್ಟಿಗೆ ಹೋಗಿ ಮೊದಲ ಬೆಂಚಿನಲ್ಲಿ ಕೂರುತ್ತಾರೆ. ಅವರದೇನೂ ಕೇಸಿಲ್ಲ. ಕನ್ನಡಕ ಏರಿಸಿ ಇಳಿಸುತ್ತಾ, ಜಡ್ಜು ಯಾರಿಗೆ ಎಷ್ಟು ನಿಮಿಷ ಮಾತಾಡಲು ಬಿಟ್ಟರು, ಯಾವ ವಕೀಲನನ್ನು ನೋಡಿ ನಕ್ಕರು ಎಂದು ಬರೆದುಕೊಳ್ಳುತ್ತಾರೆ. ಜಡ್ಜು ಕೆಮ್ಮಿದರೂ ಅದು ಪುಸ್ತಕ ಸೇರುತ್ತದೆ. ಜಡ್ಜಿನ ವಿರುದ್ಧ ಮೇಲಿನವರಿಗೆ ದೂರು ಕಳಿಸುತ್ತಾರೆ. ಕ್ರಮದ ಅಗತ್ಯವಿಲ್ಲ ಎಂಬ ಉತ್ತರ ಬಂದ ದಿನವೇ ಇನ್ನೊಂದು ಕಳಿಸುತ್ತಾರೆ. “ಅಮ್ಮಾ, ಪ್ಲೀಸ್, ಸಾಕು” ಎಂದು ಮಗಳು ಪ್ರಣೀತಾ ಗೋಗರೆದರೆ, “ನೋಡ್ಲಿಕ್ಕೆ ಒಬ್ರಾದ್ರೂ ಬೇಕಲ್ಲ ಮಾರಾಯ್ತಿ” ಎನ್ನುತ್ತಾರೆ. ಮೂರು ವರ್ಷದ ಹಿಂದೆ ಅವರನ್ನು ಮನೆ ಬಿಡಿಸಿದ್ದು ಇದೇ ಜಡ್ಜು. ಮನೆ ಮಾಲೀಕನ ವಕೀಲ ಆ ಜಡ್ಜಿನ ಗಾಲ್ಫ್ ಗೆಳೆಯನೆಂದು ಆಮೇಲೆ ತಿಳಿಯಿತು. ಅಂದು ಗುಲಾಬಿಯಮ್ಮ ಬಾಯಿ ತೆರೆಯುವ ಮೊದಲೇ ತೀರ್ಪು ಮುಗಿದಿತ್ತು. ಕಳೆದ ಮಂಗಳವಾರ ಅದೇ ವಕೀಲನ ಎದುರು ಒಬ್ಬ ಬಾಡಿಗೆದಾರ ತಾಯಿ ತಡವರಿಸುತ್ತಾ ನಿಂತಿದ್ದಳು. ಫೈಲು ಮುಚ್ಚಹೊರಟ ಜಡ್ಜು ಗುಲಾಬಿಯಮ್ಮನತ್ತ ಒಮ್ಮೆ ನೋಡಿ, ಆ ತಾಯಿಗೆ “ನಿಧಾನವಾಗಿ ಹೇಳಿ” ಎಂದರು. ಆಕೆ ಹನ್ನೊಂದು ನಿಮಿಷ ಮಾತಾಡಿದಳು. ತೀರ್ಪು ಮುಂದಕ್ಕೆ ಹೋಯಿತು, ಸದ್ಯಕ್ಕೆ ಮನೆ ಉಳಿಯಿತು. ಬಸ್ ಸ್ಟಾಪಿನಿಂದ ಗುಲಾಬಿಯಮ್ಮ ಮಗಳಿಗೆ ಫೋನು ಮಾಡಿ, “ಎಷ್ಟು ಚಂದ ಮಾತಾಡಿದ್ಲು ಗೊತ್ತುಂಟಾ” ಎನ್ನುತ್ತಲೇ ಅತ್ತುಬಿಟ್ಟರು.