ಅತ್ತೆಯ ಮೊಣಕಾಲು ಮತ್ತು ನನ್ನ ಈಜು

ಅತ್ತೆಯ ಮೊಣಕಾಲು ನೋಯದಿದ್ದರೆ ನಾನು ವ್ಯಾಯಾಮದ ಹೆಸರನ್ನೇ ಎತ್ತುತ್ತಿರಲಿಲ್ಲ. ಸೋಲಾಪುರದ ನವಿ ಪೇಠದಲ್ಲಿ ನಮ್ಮದು ಸೀರೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಆ ಮೆಟ್ಟಿಲು ಹತ್ತಿ ಇಳಿಯುವುದೇ ಅತ್ತೆಗೆ ಕಷ್ಟವಾದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಗುಳಿಗೆ ಬರೆಯಲಿಲ್ಲ. ದಿನಾ ವ್ಯಾಯಾಮ ಮಾಡಿ ಎಂದು ಕಳಿಸಿಬಿಟ್ಟರು. ಅತ್ತೆಗೆ ಸಿಟ್ಟು ಬಂತು. ಗುಳಿಗೆ ಕೊಡದವನು ಎಂಥ ಡಾಕ್ಟರು ಎಂದು ದಾರಿಯುದ್ದಕ್ಕೂ ಗೊಣಗಿದರು.

ನಮ್ಮ ಓಣಿಯ ಹಿಂದೆ, ಹಿಟ್ಟಿನ ಗಿರಣಿಯ ಮೇಲಿನ ದೊಡ್ಡ ಹಾಲ್‌ನಲ್ಲಿ ಹೆಂಗಸರಿಗಾಗಿ ಬೆಳಗಿನ ವ್ಯಾಯಾಮದ ಕ್ಲಾಸು ಹೊಸದಾಗಿ ಶುರುವಾಗಿತ್ತು. ಕಲಿಸುವಾಕೆ ಹೋಟಗಿಯ ಹುಡುಗಿ, ಕಬಡ್ಡಿ ಆಡಿ ಬೆಳೆದವಳು, ದಿನಾ ರೈಲಿನಲ್ಲಿ ಬರುತ್ತಿದ್ದಳು. ನಾನು ಅತ್ತೆಗೆ ಅದನ್ನು ಹೇಳಿದೆ.

"ನೀ ಬರಾಂಗಿದ್ರ ನಾನೂ ಬರ್ತೀನಿ," ಎಂದರು ಅತ್ತೆ. "ಒಬ್ಬಾಕೀನ ಹೋಗಿ ಕೈಕಾಲು ಮುರ್ಕೊಳ್ಳಲೇನು?"

ನಾನು ಒಪ್ಪಿದ್ದು ಕಾವಲಿಗೆ ಮಾತ್ರ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಮುಗಿದ ಮೇಲೆ ಅತ್ತೆಯ ಕೈ ಹಿಡಿದು ಕರೆತರುವುದು. ನನ್ನ ಮೈ ನಾಲ್ಕು ಜನರೆದುರು ಕುಣಿಸುವಂಥದ್ದಲ್ಲ ಎಂದು ನಾನು ಎಂದೋ ತೀರ್ಮಾನಿಸಿಬಿಟ್ಟಿದ್ದೆ. ಮದುವೆಯಾಗಿ ಬಂದ ಹೊಸತರಲ್ಲಿ ಹಿರಿಯ ಸಂಬಂಧಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಖಾತ್ಯಾಪಿತ್ಯಾ ಘರಚಿ ದಿಸತೆ," ಎಂದು ಮರಾಠಿಯಲ್ಲಿ ಅಂದಿದ್ದರು. ಉಂಡು ತಿಂದ ಮನೆಯವಳ ಹಾಗೆ ಕಾಣುತ್ತಾಳೆ ಎಂದರ್ಥ. ನಗುತ್ತಲೇ ಅಂದ ಮಾತು. ಆದರೆ ಮಕ್ಕಳಾಗಿ ನಾನು ಉಬ್ಬುತ್ತ ಹೋದಂತೆ ಆ ಮಾತೂ ನನ್ನ ಜೊತೆ ಉಬ್ಬಿತು. ಫೋಟೋಕ್ಕೆ ನಿಲ್ಲುವಾಗ ಯಾರದಾದರೂ ಕೂಸನ್ನು ಎತ್ತಿ ಹೊಟ್ಟೆಯ ಮುಂದೆ ಹಿಡಿದುಕೊಳ್ಳುತ್ತಿದ್ದೆ. ಅಂಗಡಿಗೆ ಇಳಿದರೆ ಗಲ್ಲಾದ ಹಿಂದೆ ಕೂತವಳು ಗಿರಾಕಿ ಹೋಗುವವರೆಗೆ ಏಳುತ್ತಿರಲಿಲ್ಲ. ಕನ್ನಡಿಯಲ್ಲಿ ಕುಂಕುಮ ನೆಟ್ಟಗಿದೆಯೇ ಎಂದು ನೋಡಿಕೊಂಡರೆ ಮುಗಿಯಿತು. ಕುತ್ತಿಗೆಯಿಂದ ಕೆಳಗಿನ ಹೆಂಗಸಿನ ಪರಿಚಯವೇ ನನಗೆ ಅಷ್ಟಾಗಿ ಇರಲಿಲ್ಲ.

ಆ ಹಾಲಿನಲ್ಲಿ ಮೊದಲು ಡಾನ್ಸ್ ಕ್ಲಾಸು ನಡೆಯುತ್ತಿತ್ತಂತೆ. ಹಾಗಾಗಿ ಒಂದು ಗೋಡೆಯ ತುಂಬ ಕನ್ನಡಿ. ನಾನು ಅದಕ್ಕೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡೆ. ಅತ್ತೆ ಇರಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನ ಸಾಲಿನಲ್ಲಿ ನಿಂತರು. ಸ್ವಲ್ಪ ಹೊತ್ತಿಗೆ ಆ ಹುಡುಗಿ ನನ್ನ ಮುಂದೆ ಬಂದು ನಿಂತಳು.

"ಕಾಕು, ಇಲ್ಲಿ ಕುರ್ಚಿ ಮ್ಯಾಲ ಕುಂತವ್ರಿಗೂ ವ್ಯಾಯಾಮ ಐತ್ರಿ. ಏಳ್ರಿ, ಕೂಡ್ರಿ, ಮತ್ತ ಏಳ್ರಿ. ಕೈ ಊರಬ್ಯಾಡ್ರಿ ಅಷ್ಟ."

ಕೂತು ಏಳುವುದರಲ್ಲಿ ಏನು ಮಹಾ ಎಂದುಕೊಂಡೆ. ಎದ್ದೆ, ಕೂತೆ, ಎದ್ದೆ. ಸ್ವಲ್ಪದರಲ್ಲೇ ತೊಡೆಗಳು ಗಡಗಡ ನಡುಗತೊಡಗಿದವು. ಆ ಹುಡುಗಿ ಮಾತ್ರ ಚಹಾ ಕೊಡಲು ಬಂದವಳಂತೆ ನಗುಮುಖದಿಂದ ಎದುರಿಗೇ ನಿಂತಿದ್ದಳು. ಕೊನೆಗೆ ಅತ್ತೆಯ ಕೈ ಹಿಡಿದು ನಾನು ಇಳಿದೆನೋ, ನನ್ನ ಕೈ ಹಿಡಿದು ಅತ್ತೆ ಇಳಿದರೋ ಗೊತ್ತಾಗಲಿಲ್ಲ. ನಮ್ಮ ಮನೆಯ ಮೆಟ್ಟಿಲಿನ ಅರ್ಧದಲ್ಲಿ ಇಬ್ಬರಿಗೂ ಕಾಲು ಎತ್ತಲಾಗದೆ ಅಲ್ಲೇ ಕೂತುಬಿಟ್ಟೆವು. ಮೊದಲು ಅತ್ತೆಗೆ ನಗು ಬಂತು, ಅವರನ್ನು ನೋಡಿ ನನಗೆ. ಸದ್ದು ಕೇಳಿ ನನ್ನ ಗಂಡ ಅಂಗಡಿಯಿಂದ ಓಡಿ ಬಂದರು.

"ಏನಾತು? ಬಿದ್ರೇನು?"

"ಬಿದ್ದಿಲ್ಲೋ," ಎಂದರು ಅತ್ತೆ, ಕಣ್ಣು ಒರೆಸಿಕೊಳ್ಳುತ್ತ. "ಎದ್ದೀವಿ. ಬಾಳ ಸಲ ಎದ್ದೀವಿ."

ಮರುದಿನ ನಾನು ಹೋಗುವುದಿಲ್ಲ ಎಂದುಕೊಂಡೆ. ಅತ್ತೆ ನನಗಿಂತ ಮೊದಲು ಎದ್ದು ಬಾಗಿಲಲ್ಲಿ ನಿಂತಿದ್ದರು. ಅಲ್ಲಿಂದ ಅದು ನಿಲ್ಲಲಿಲ್ಲ. ಕುರ್ಚಿ ಬಿಟ್ಟು ಹಿಂದಿನ ಸಾಲಿಗೆ ಬಂದೆ. ಟ್ರ್ಯಾಕ್ ಪ್ಯಾಂಟ್ ಕೊಂಡುಕೊಂಡಾಗ ಗಂಡ ಮುಖ ಸಣ್ಣದು ಮಾಡಿಕೊಂಡು, "ಮನ್ಯಾಗ ಅಟ್ಟಕ್ಕ ಹತ್ತುವಷ್ಟು ಸೀರಿ ಬಿದ್ದಾವ, ಮಂದಿ ಅಂಗಡಿಗೆ ಹೋಗಿ ಪ್ಯಾಂಟ್ ತಂದಾಳ," ಎಂದರು. ವಾರ ಕಳೆಯುವುದರೊಳಗೆ ಅತ್ತೆಯೂ ಸೀರೆಯ ಒಳಗೆ ಒಂದು ಪ್ಯಾಂಟ್ ಏರಿಸಿದರು. ಒಂದು ದಿನ ಆ ಹುಡುಗಿ ಜೋಡಿ ಜೋಡಿಯಾಗಿ ಬೆನ್ನಿಗೆ ಬೆನ್ನು ಕೊಟ್ಟು, ತೋಳಿಗೆ ತೋಳು ಸಿಕ್ಕಿಸಿ, ಕೆಳಗೆ ಕೂತು ಏಳಲು ಹೇಳಿದಳು. ಅತ್ತೆ ಸೊಸೆ ಕೂತದ್ದೇನೋ ಚೆನ್ನಾಗಿಯೇ ಕೂತೆವು. ಏಳುವಾಗ ಅವರು ಎಡಕ್ಕೆ, ನಾನು ಬಲಕ್ಕೆ. ಇಬ್ಬರೂ ಅಡ್ಡ ಬಿದ್ದು, ಪಕ್ಕದ ಜೋಡಿಯನ್ನೂ ಕೆಡವಿ, ಆ ಜೋಡಿ ಮತ್ತೊಂದನ್ನು ಕೆಡವಿ, ಹಾಲಿನ ತುಂಬ ಹೆಂಗಸರ ರಾಶಿ. ಕೆಳಗಿನ ಗಿರಣಿಯವನು ಛತ್ತು ಬಿತ್ತೆಂದು ಹಿಟ್ಟು ಮೆತ್ತಿದ ಮುಖದಲ್ಲೇ ಮೇಲೆ ಬಂದು ಇಣುಕಿದ. ಅವನನ್ನು ನೋಡಿ ನಮ್ಮ ನಗು ಇನ್ನೊಮ್ಮೆ ಹೊತ್ತಿಕೊಂಡಿತು. ಮದುವೆಯಾದ ಮೇಲೆ ಹೊಟ್ಟೆ ಹಿಡಿದುಕೊಂಡು ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ತೂಕದ ಕಾಟಾ ನನಗೆ ಅಂಥ ಶಾಬಾಸಿಯನ್ನೇನೂ ಕೊಡಲಿಲ್ಲ. ಮುಳ್ಳು ಒಂದಿಷ್ಟು ಹಿಂದೆ ಸರಿದು ಅಲ್ಲೇ ನಿಂತಿತು. ಆದರೆ ಮಳೆಗಾಲದ ಒಂದು ಬೆಳಿಗ್ಗೆ, ಕೈಗಳನ್ನು ಮೇಲಕ್ಕೆತ್ತಿ ನಿಂತಿದ್ದಾಗ, ಕನ್ನಡಿಯಲ್ಲಿ ಒಬ್ಬ ಹೆಂಗಸು ಕಂಡಳು. ಬೆವರಿದ ಮುಖ, ನೆಟ್ಟಗಿನ ಬೆನ್ನು, ಗಟ್ಟಿ ಭುಜ. ಯಾರೋ ಹೊಸಬಳು ಬಂದಿದ್ದಾಳೆ, ಚಂದ ನಿಂತಿದ್ದಾಳೆ ಎಂದುಕೊಂಡೆ. ಅವಳ ಪಕ್ಕದಲ್ಲಿ ನನ್ನ ಅತ್ತೆ ನಿಂತಿದ್ದರು. ಆಗಲೇ ತಿಳಿದದ್ದು ಅದು ನಾನೆಂದು. ಆ ದಿನ ಮನೆಗೆ ಹೋಗುವಾಗ ಅತ್ತೆ ಎರಡು ಸಲ ಕೇಳಿದರು, "ಯಾಕ ಒಬ್ಬಾಕೀನ ನಗಾಕತ್ತಿ?" ಹೇಳಲು ನಾಚಿಕೆಯಾಯಿತು.

ಆಮೇಲೆ ಅಂಗಡಿಯಲ್ಲಿ ಗಲ್ಲಾದ ಹಿಂದೆ ಕೂರಲು ನನಗೆ ಬೇಸರವಾಗತೊಡಗಿತು. ಎದ್ದು ನಿಂತು, ಗಿರಾಕಿಗಳೆದುರು ಸೀರೆ ಬಿಚ್ಚಿ ನನ್ನ ಹೆಗಲ ಮೇಲೇ ಹಾಕಿ ತೋರಿಸತೊಡಗಿದೆ. ಮೈ ತುಂಬಿದ ಹೆಂಗಸರು ನನ್ನನ್ನೇ ಹುಡುಕಿಕೊಂಡು ಬಂದು, "ನಿಮ್ಮ ಮೈಗೆ ಒಪ್ಪೈತಿ ಅಂದ್ರ ನನಗೂ ಒಪ್ತೈತಿ," ಎನ್ನುತ್ತಿದ್ದರು. ಗಂಡ ಆಮೇಲೆ ಪ್ಯಾಂಟಿನ ಮಾತು ಎತ್ತಲಿಲ್ಲ.

ಎಳ್ಳಮಾವಾಸ್ಯೆ ಬಂತು. ನನ್ನ ತವರು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ಅಂದು ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಮಾಡಿ, ಅಲ್ಲೇ ಉಣ್ಣುತ್ತಾರೆ. ತಮ್ಮ ಕರೆದಿದ್ದ, ಅತ್ತೆಯೂ ಹೊರಟರು. ಮೊದಲ ಸಲ ನಾನು ಪಂಜಾಬಿ ಡ್ರೆಸ್ಸಿನಲ್ಲಿ ತವರಿಗೆ ಹೋದೆ. ಬಸ್ಸಿನಲ್ಲಿ ಅಳುಕಿದಾಗ ಅತ್ತೆ, "ಯಾರರ ಕೇಳಿದ್ರ ನಾ ಹೇಳೀನಿ ಅನ್ನು," ಎಂದರು.

ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಬೇವಿನ ಮರದಡಿ ಭಜ್ಜಿ, ಕಡುಬು, ಶೇಂಗಾ ಹೋಳಿಗೆಯ ಬುಟ್ಟಿಗಳು. ಗಂಡಸರು ಚರಗ ಚೆಲ್ಲಲು, ಅಂದರೆ ಹೊಲದ ಸುತ್ತ ಎಡೆಯ ಅನ್ನ ಎರಚಲು, ದೂರದ ಬದುವಿಗೆ ಹೋಗಿದ್ದರು. ತಮ್ಮನ ಹೆಂಡತಿ ಬಾವಿಯ ಮೆಟ್ಟಿಲಿಳಿದು ನೀರು ತುಂಬುತ್ತಿದ್ದಳು. ಪ್ಲಾಸ್ಟಿಕ್ ಕೊಡ ಅವಳ ಕೈ ಜಾರಿ, ತೇಲುತ್ತ ಬಾವಿಯ ನಡುವೆ ಹೋಗಿ ನಿಂತಿತು.

"ಇರ್ಲಿ ಬಿಡ್ರಿ ಅಕ್ಕಾರ, ಅವರು ಬಂದ ಮ್ಯಾಲ ತಗೀತಾರ," ಎಂದಳು.

ಆ ಬಾವಿಯಲ್ಲೇ ಅಪ್ಪ ನನ್ನ ಸೊಂಟಕ್ಕೆ ಒಣಗಿದ ಕುಂಬಳಬುರುಡೆ ಕಟ್ಟಿ ಈಜು ಕಲಿಸಿದ್ದ. ನಾನು ದೊಡ್ಡವಳಾದ ಮೇಲೆ ಬಾವಿ ನನಗೆ ಬಂದ್ ಆಗಿತ್ತು. ಆಮೇಲೆ ಯಾವತ್ತೂ ನಾನು ಆ ನೀರನ್ನು ಮೈಯ ಆಸೆಯಿಂದ ನೋಡಿರಲಿಲ್ಲ. ಅಂದು ನೋಡಿದೆ. ಹೆಗಲ ಮೇಲಿನ ಓಢಣಿ ತೆಗೆದು ಅತ್ತೆಯ ಕೈಗೆ ಕೊಟ್ಟೆ. ಅವರು ನನ್ನ ಮುಖ ನೋಡಿದರು, ನೀರು ನೋಡಿದರು.

"ಬರ್ತೈತೇನು ಖರೇ?"

"ಬರ್ತಿತ್ರಿ."

"ಹಂಗಾರ ಹೋಗು. ನಾ ಅದೀನಿ." ಅವರಿಗೆ ಈಜು ಬರುವುದಿಲ್ಲ.

ನಾನು ದಂಡೆಯಿಂದಲೇ ಜಿಗಿದೆ. ನೀರು ಐಸಿನ ಹಾಗೆ ಎದೆಗೆ ಹತ್ತಿತು. ಒಂದು ಗಳಿಗೆ ಏನೂ ನೆನಪಾಗಲಿಲ್ಲ. ಆಮೇಲೆ ಕಾಲುಗಳು ತಾವಾಗಿಯೇ ಬಡಿಯತೊಡಗಿದವು. ಮೇಲೆ ಬಂದೆ. ಕೊಡ ಹಿಡಿದೆ. ಹಿಡಿದು ದಂಡೆಗೆ ನೂಕಿದ ಮೇಲೆ ಹೊರಗೆ ಬರಬೇಕಿತ್ತು. ಬರಲು ಮನಸ್ಸಾಗಲಿಲ್ಲ. ಸುತ್ತು ಹಾಕಿದೆ, ಮಲಗಿ ತೇಲಿದೆ, ಮೇಲಿನ ದುಂಡನೆ ಆಕಾಶ ನೋಡಿ ಸುಮ್ಮನೆ ನಕ್ಕೆ. ಬಾವಿಯ ಗೋಡೆ ನನ್ನ ನಗುವನ್ನು ದೊಡ್ಡದು ಮಾಡಿ ಕಳಿಸಿತು. ನೆಲದ ಮೇಲೆ ಹೊತ್ತು ಹೊತ್ತು ಸಾಕಾಗಿದ್ದ ಇದೇ ಮೈ ನೀರಿನಲ್ಲಿ ಹೂವಿನಷ್ಟು ಹಗುರವಾಗಿತ್ತು.

ದಬ್ ಎಂದ ಸದ್ದು ಕೇಳಿ ಗಂಡಸರೆಲ್ಲ ಜೋಳದೊಳಗಿಂದ ನುಗ್ಗಿ ಬಂದರು.

"ಯಾರು ಬಿದ್ರು?" ಎಂದು ತಮ್ಮ ಕೂಗಿದ.

"ಯಾರೂ ಬಿದ್ದಿಲ್ಲ," ಎಂದರು ಅತ್ತೆ. "ನನ್ನ ಸೊಸಿ ಈಸಾಕತ್ಯಾಳ."

ತಮ್ಮ ದಂಡೆಯಲ್ಲಿ ಬಗ್ಗಿ ನೋಡಿದ. ಚಿಕ್ಕಂದಿನಲ್ಲಿ ಈ ಬಾವಿಯಲ್ಲಿ ಈಜಿನ ಪಂದ್ಯ ಕಟ್ಟಿದಾಗ ಅವನು ನನ್ನನ್ನು ಒಮ್ಮೆಯೂ ಸೋಲಿಸಿರಲಿಲ್ಲ. "ಇನ್ನೂ ಮರ್ತಿಲ್ಲೇನಕ್ಕಾ?" ಎಂದ, ಮೆಲ್ಲಗೆ.

ಒದ್ದೆ ಬಟ್ಟೆಯಲ್ಲಿ, ಎಲ್ಲರೂ ನೋಡುತ್ತಿರುವಾಗ, ನಾನು ಮೆಟ್ಟಿಲು ಹತ್ತಿ ಬಂದೆ. ಹೊಟ್ಟೆ ಎಲ್ಲಿತ್ತೋ ಅಲ್ಲೇ ಇತ್ತು. ಮುಚ್ಚಿಕೊಳ್ಳಲು ಕೈ ಹೋಗಲಿಲ್ಲ. ಕೂದಲು ಹಿಂಡುವುದರಲ್ಲಿ ಕೈಗಳಿಗೆ ಕೆಲಸವಿತ್ತು. ಪಕ್ಕದ ಹೊಲದ ಮುದುಕಿ ನನ್ನನ್ನು ಅಳೆದು ನೋಡಿ, "ವ್ಯಾಯಾಮಕ್ಕ ಹೋಗ್ತಾಳಂತ ಕೇಳಿದ್ದೆ. ತೆಳ್ಳಗೇನ ಆಗಿಲ್ಲಲ್ಲ," ಎಂದಳು.

"ಆಗಿಲ್ಲಬೇ ಆಯಿ," ಎಂದೆ. "ಆದ್ರೂ ತೇಲತೀನಿ."

ಮುದುಕಿಯೇ ಎಲ್ಲರಿಗಿಂತ ಹೆಚ್ಚು ನಕ್ಕಳು. ತಮ್ಮನ ಹೆಂಡತಿಯ ಸೀರೆ ಉಟ್ಟುಕೊಂಡು ನಾನು ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಸಾಕೆನ್ನುವಷ್ಟು ಕಡುಬು ತಿಂದೆ.

ಊಟವಾದ ಮೇಲೆ ತಮ್ಮನ ಹೆಂಡತಿ ನನ್ನ ಪಕ್ಕಕ್ಕೆ ಸರಿದು ಕೂತಳು. ಮದುವೆಯಾದಾಗಿನಿಂದ ಅದೇ ಬಾವಿಯ ನೀರು ಹೊತ್ತವಳು, ಮೊಣಕಾಲಿನ ಆಳಕ್ಕಿಂತ ಕೆಳಗೆ ಎಂದೂ ಇಳಿದಿರಲಿಲ್ಲ. "ನನಗೂ ಕಲಸ್ತೀರೇನ್ರಿ ಅಕ್ಕಾರ?" ಎಂದಳು, ಯಾರಿಗೂ ಕೇಳದಂತೆ.

ಮರುದಿನ ಮಧ್ಯಾಹ್ನ ಅವಳ ಸೊಂಟಕ್ಕೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಇಳಿಸಿದೆ. ಅವಳು ನನ್ನ ಕುತ್ತಿಗೆಗೆ ಜೋತುಬಿದ್ದು, ನೀರು ಕುಡಿದು, ಕೆಮ್ಮಿ, ಮತ್ತೆ ನಕ್ಕು ಮತ್ತೆ ನೀರು ಕುಡಿದಳು. ಅತ್ತೆ ಮೆಟ್ಟಿಲ ಮೇಲೆ ಕೂತು, "ಉಸರು ಬಿಡು, ಬೆನ್ನ ನೆಟ್ಟಗ ಮಾಡು," ಎಂದು ಹೋಟಗಿಯ ಹುಡುಗಿಯ ದನಿಯಲ್ಲೇ ಹುಕುಂ ಕೊಡುತ್ತಿದ್ದರು. ಸ್ವಲ್ಪ ಹೊತ್ತಿಗೆ ತಮ್ಮನ ಹೆಂಡತಿ ನನ್ನ ಕುತ್ತಿಗೆ ಬಿಟ್ಟು ಕೈ ಹಿಡಿದಳು. ಆಮೇಲೆ ಒಂದೇ ಕೈ. ಅಷ್ಟರಲ್ಲಿ ತಮ್ಮ ಹಸಿದು ಹುಡುಕಿಕೊಂಡು ಬಂದ.

"ಊಟ ಎಲ್ಲಿಟ್ಟಿ?" ಎಂದು ದಂಡೆಯಿಂದ ಕೇಳಿದ.

"ಬುಟ್ಟ್ಯಾಗ ಐತಿ," ಎಂದಳು ಅವನ ಹೆಂಡತಿ, ಕಾಲು ಬಡಿಯುವುದನ್ನು ನಿಲ್ಲಿಸದೆ. "ಇವತ್ತ ನೀವ ಬಡಿಸ್ಕೊಳ್ರಿ. ನನಗ ಕೆಲಸ ಐತಿ."